ಮೊಳಕಾಲ್ಮೂರು ಮಾರ್ಗವಾಗಿ ದುಬೈಗೆ

ಚಳ್ಳಕೆರೆಯಲ್ಲಿ ಮಸ್ತಾನ್ ಸಾಬರು ಮೈಕು ಹಾಕಿದರೆ ಎಷ್ಟೋ ದೂರದ ತಳಕು ಊರಿನ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸುತ್ತಿದ್ದವು ಎಂಬ ಮಾತು ಶುದ್ಧ ಸುಳ್ಳು. ನಿಲ್ಲಿಸಿದ್ದು ಮೂರೇ ಕೋಳಿಗಳು. ಅವೂ ಒಂದೇ ಮನೆಯವು.

ಆದರೂ ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿ ‘ಮಸ್ತಾನ್ ಮೈಕ್ ಸೆಟ್’ ಎಂಬ ಬೋರ್ಡಿನ ಕೆಳಗೆ ನಾಲ್ಕು ಹಾರನ್, ಒಂದು ಆಂಪ್ಲಿಫೈಯರ್, ಮೈಲುಗಟ್ಟಲೆ ವೈರು, ಒಂದು ಟೇಪ್ ರೆಕಾರ್ಡರ್ ಇಟ್ಟುಕೊಂಡು ಸಾಬರು ಇಪ್ಪತ್ತೈದು ವರ್ಷದಿಂದ ಆ ತಾಲ್ಲೂಕನ್ನು ನಿದ್ದೆ ಮಾಡಲು ಬಿಟ್ಟಿರಲಿಲ್ಲ. ಮದುವೆಗೆ ಅವರೇ, ಉರುಸಿಗೆ ಅವರೇ, ಗಣಪತಿಗೆ ಅವರೇ, ಕಳೆದುಹೋದ ಎಮ್ಮೆಗೂ ಅವರೇ.

ಅವರಿಗಿದ್ದ ಕೊರಗು ಒಂದೇ. ಯಾವ ಸಮಾರಂಭದ ಕರಪತ್ರ ತೆಗೆದು ನೋಡಿದರೂ ಅಧ್ಯಕ್ಷರ ಹೆಸರಿರುತ್ತಿತ್ತು, ಶಾಮಿಯಾನದವನ ಹೆಸರಿರುತ್ತಿತ್ತು, ಕುಡಿಯುವ ನೀರಿಗೆ ಡ್ರಮ್ಮು ಕೊಟ್ಟವನ ಹೆಸರೂ ಇರುತ್ತಿತ್ತು. ಮೈಕಿನವನ ಹೆಸರು ಇರುತ್ತಿರಲಿಲ್ಲ. ಒಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂಬ ಸಾಲಿನಲ್ಲಿ ಮನೆಯ ನಾಯಿಯ ಹೆಸರು ಅಚ್ಚಾಗಿತ್ತು. ಅದನ್ನು ಓದಿದ ದಿನ ಸಾಬರು ಊಟ ಮಾಡಲಿಲ್ಲ.

ತೊಂಬತ್ತೆಂಟನೇ ಇಸವಿಯಲ್ಲಿ ಮೊಳಕಾಲ್ಮೂರಿನ ಹೈಸ್ಕೂಲು ಮೇಷ್ಟ್ರು ಶಿವಮೂರ್ತಪ್ಪ ಸಾಬರ ಅಂಗಡಿ ಹುಡುಕಿಕೊಂಡು ಬಂದರು. ಮೇಷ್ಟ್ರು ರಜೆಯಲ್ಲಿ ಮೂರು ವಾರ ಯಾವುದೋ ರಂಗ ಶಿಬಿರಕ್ಕೆ ಹೋಗಿದ್ದವರು. ಬರುವಾಗ ಒಂದು ಗಡ್ಡ ತಂದಿದ್ದರು, ಇದ್ದ ದನಿಯಲ್ಲಿ ಅರ್ಧ ಅಲ್ಲೇ ಬಿಟ್ಟು ಬಂದಿದ್ದರು. ಆ ಶಿಬಿರದಲ್ಲಿ ಮೆಲ್ಲಗೆ ಮಾತಾಡುವುದನ್ನು ಕಲಿಸುತ್ತಾರಂತೆ.

“ನಾಟಕ ಮಾಡಿಸ್ತಿದೀನಿ ಸಾಬ್ರೇ. ‘ಮೂರನೇ ಮಾಳಿಗೆ’ ಅಂತ. ನಮ್ಮೂರಿನ ಒಂದು ನೇಕಾರರ ಕುಟುಂಬ ದುಬೈಗೆ ವಲಸೆ ಹೋಗಿ ಒಂದೇ ಕೋಣೇಲಿ ಬಾಳೋ ಕಥೆ. ಆಪ್ತ ರಂಗಭೂಮಿ.”

“ಆಪ್ತರಿಗೆ ಮಾತ್ರಾನಾ ಸಾ?”

“ಹಂಗಲ್ಲ. ನೋಡೋರು ನಲವತ್ತೇ ಜನ. ಪಾಲಣ್ಣನ ಮಗ್ಗದ ಮನೇಲಿ, ಚಾಪೆ ಮೇಲೆ.”

ಸಾಬರು ಮನಸ್ಸಿನಲ್ಲೇ ಭಾಗಾಕಾರ ಮಾಡಿದರು. “ನಾಲ್ಕು ಹಾರನ್ ಸಾಕು ಬಿಡಿ. ಒಂದಕ್ಕೆ ಹತ್ತು ಜನ ಬೀಳ್ತಾರೆ.”

ಮೇಷ್ಟ್ರು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು. ಇದನ್ನೂ ಶಿಬಿರದಲ್ಲೇ ಕಲಿಸಿದ್ದು. “ಹಾರನ್ ಬೇಡ. ಮೈಕೂ ಬೇಡ.”

“ಹಂಗಾರೆ ನಾನ್ಯಾಕೆ?”

“ಸದ್ದು ಬೇಕು ಸಾಬ್ರೇ. ನಲ್ಲಿ ತೊಟ್ಟಿಕ್ಕೋ ಸದ್ದು. ಗೋಡೆ ಆಚೆ ಯಾರೋ ತಿಳೀದ ಭಾಷೇಲಿ ಜಗಳಾಡೋ ಸದ್ದು. ಕುಕ್ಕರು ಕೂಗೋ ಸದ್ದು. ಇವೆಲ್ಲಾ ಸಿಗ್ತವೆ. ಕೊನೇದೊಂದಿದೆ. ಆ ತಾಯಿ ಊರು ಬಿಟ್ಟ ದಿನಾನ ನೆನೆಸ್ಕೊಂಡು ಸುಮ್ನೆ ಕೂತಿರ್ತಾಳೆ. ಆಗ ಆವತ್ತಿನ ಸದ್ದು ಬೇಕು.”

“ಅಳೋದಲ್ಲವಾ? ನಮ್ಮ ಬೀದೀಲಿ ಬೇಕಾದಷ್ಟು ಐತೆ.”

“ಅಳು ಬೇಡ! ಅಳು ಯಾರು ಬೇಕಾದ್ರೂ ಅಳ್ತಾರೆ. ಅಳದೆ ಇರೋರ ಸದ್ದು ಬೇಕು.”

“ಅಳದೆ ಇರೋರದ್ದು ಎಂಥ ಸದ್ದು ಸಾ?”

“ಅದನ್ನೇ ನೀವು ಹುಡುಕಬೇಕಾದ್ದು. ಅದಕ್ಕೇ ಧ್ವನಿ ವಿನ್ಯಾಸ ಅನ್ನೋದು. ಹುಡುಕಿ ಕೊಟ್ರೆ ಕರಪತ್ರದಲ್ಲಿ ಹಾಕಿಸ್ತೀನಿ. ‘ಧ್ವನಿ ವಿನ್ಯಾಸ: ಮಸ್ತಾನ್ ಸಾಬ್.’ ಸಿಗ್ಲಿಲ್ಲ ಅಂದ್ರೆ ದಾವಣಗೆರೆಯಿಂದ ಒಬ್ರು ಕೀಬೋರ್ಡ್ ಹಿಡ್ಕೊಂಡು ಬರ್ತಾರೆ.”

ಮೇಷ್ಟ್ರು ಆಮೇಲೆ ಏನೇನು ಹೇಳಿದರೋ ಸಾಬರ ಕಿವಿಗೆ ಬೀಳಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಕರಪತ್ರ ಒಂದೇ.

ಮನೆಗೆ ಹೋದವರೇ ಹೆಂಡತಿ ಜಹೀರಾಗೆ ಹೇಳಿದರು. “ನಂಗೆ ಧ್ವನಿ ವಿನ್ಯಾಸ ಬಂದೈತೆ.”

ಜಹೀರಾ ರೊಟ್ಟಿ ತಿರುವುತ್ತಿದ್ದಳು. “ಹಂಗಂದ್ರೆ?”

ಸಾಬರಿಗೂ ಅದು ಪೂರ್ತಿ ತಿಳಿದಿರಲಿಲ್ಲ. ತಿಳಿಯದ್ದನ್ನು ಗಂಡಸರು ಹೇಗೆ ವಿವರಿಸುತ್ತಾರೋ ಹಾಗೆ ವಿವರಿಸಿದರು. “ಹೇಳಿದ್ರೂ ನಿಂಗೆ ತಿಳಿಯಲ್ಲ ಬಿಡು. ದೊಡ್ಡ ಪದ.”

ಮುಂದೆ ನಡೆದ ಎಲ್ಲಕ್ಕೂ ಈ ಒಂದು ವಾಕ್ಯವೇ ಬೀಜ ಎಂದು ಆ ಬೀದಿಯ ಹೆಂಗಸರು ಇವತ್ತಿಗೂ ಹೇಳುತ್ತಾರೆ.

ಸಾಯಂಕಾಲ ಸಾಬರು ಜಂಪಣ್ಣನ ಎಸ್‌ಟಿಡಿ ಬೂತಿಗೆ ಹೋದರು. ಮೊಳಕಾಲ್ಮೂರಿನಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಭಾಮೈದ ಶಕೀಲನಿಗೆ ಸುದ್ದಿ ಮುಟ್ಟಿಸಬೇಕಿತ್ತು. ಪಕ್ಕದ ಮಿಲ್ಲಿನಲ್ಲಿ ಕಡಲೆಕಾಯಿ ಸುಲಿಯುವ ಯಂತ್ರ ಲಬಲಬ ಎನ್ನುತ್ತಿತ್ತು. ಲೈನಿನಲ್ಲಿ ಗಾಳಿ ಬೀಸುತ್ತಿತ್ತು. ಸಾಬರು ಒಂದು ಕಿವಿ ಮುಚ್ಚಿಕೊಂಡು ಕಿರುಚಿದರು: “ಶಕೀಲ್! ಧ್ವನಿ ವಿನ್ಯಾಸ! ಸಿಕ್ತು ನಂಗೆ! ಧ್ವನಿ! ವಿನ್ಯಾಸ! ಶುಕ್ರವಾರ ಹೊಂಟೆ!”

ಗಿರಾಕಿಗಳ ಮಾತು ಕೇಳಿಸಿಕೊಳ್ಳುವುದು ಬೂತಿನವನ ಧರ್ಮ ಎಂದು ಜಂಪಣ್ಣ ನಂಬಿದ್ದ. ಆದರೆ ಅವನ ಧರ್ಮಕ್ಕೂ ಮಿಲ್ಲಿನ ಯಂತ್ರಕ್ಕೂ ಆಗಿಬರುತ್ತಿರಲಿಲ್ಲ. ‘ಧ್ವನಿ ವಿನ್ಯಾಸ’ ಗಾಜಿನ ಬಾಗಿಲು ದಾಟಿ ಅವನ ಕಿವಿಗೆ ಬಂದು ಮುಟ್ಟುವ ಹೊತ್ತಿಗೆ ‘ದುಬೈ ವೀಸಾ’ ಆಗಿತ್ತು. ಆ ಕಡೆ ಶಕೀಲನ ಕಿವಿಗೂ ಅದೇ ಬಿತ್ತು. ಎರಡು ತಾಲ್ಲೂಕಿನ ಎರಡು ಕಿವಿಗಳು ಒಂದೇ ಮಾತು ಹೇಳಿದ ಮೇಲೆ ಅದು ಸತ್ಯವಲ್ಲದೆ ಇನ್ನೇನು?

ಮರುದಿನ ಬೀದಿಗೆ ಬೀದಿಯೇ ಸಾಬರನ್ನು ನೋಡಿ ನಕ್ಕಿತು. “ಸಿಕ್ತಂತಲ್ಲಪ್ಪಾ!” ಎಂದರು. “ಸಿಕ್ತು ಸಿಕ್ತು” ಎಂದು ಸಾಬರೂ ಎದೆ ಉಬ್ಬಿಸಿದರು. ಕಲೆಗೆ ಚಳ್ಳಕೆರೆಯಲ್ಲಿ ಇಷ್ಟು ಮರ್ಯಾದೆ ಇದೆ ಎಂದು ಅವರಿಗೆ ಆವತ್ತಿನವರೆಗೆ ತಿಳಿದಿರಲಿಲ್ಲ.

ಎದುರು ಮನೆಯ ಕರಿಯಕ್ಕ ಒಂದು ಕಂಬಳಿ ಹೊತ್ತು ತಂದಳು. ಅವಳ ತವರಿನವರು ಕುರಿ ಕಾಯುವವರು. ಊರಿನಲ್ಲಿ ಮಗು ಹುಟ್ಟಿದರೂ ಮುದುಕ ಸತ್ತರೂ ಕರಿಯಕ್ಕನ ಕಂಬಳಿ ಮೊದಲು ಬರುತ್ತಿತ್ತು.

“ತಗಾ ಸಾಬಣ್ಣ. ಹೋಗೋ ಜಾಗ್ದಾಗೆ ಹೆಂಗೈತೋ ಏನೋ, ಇರ್ಲಿ.”

ಸಾಬರಿಗೆ ಕಣ್ಣಲ್ಲಿ ನೀರು ಬಂತು. ಹೊರಗಿನ ಸದ್ದು ಒಳಗೆ ಬರದಂತೆ ಮಗ್ಗದ ಮನೆಯ ಕಿಟಕಿಗೆ ಕಟ್ಟಲು ದಪ್ಪನೆಯದೇನಾದರೂ ಬೇಕು ಎಂದು ಅವರು ಬೆಳಗ್ಗೆಯಷ್ಟೇ ಯೋಚಿಸಿದ್ದರು. “ಇದೇ ಬೇಕಿತ್ತು ನೋಡಕ್ಕ! ಇನ್ನೂ ಮೂರು ಇದ್ರೆ ಕೊಡು.”

ದುಬೈನಲ್ಲಿ ನಾಲ್ಕು ಕಂಬಳಿಯ ಚಳಿಯೇ ಎಂದು ಕರಿಯಕ್ಕನಿಗೆ ಗಾಬರಿಯಾಯಿತು. “ಜಹೀರಮ್ಮನ್ನೂ ಕರ್ಕಂಡು ಹೋಗ್ತೀಯಾ?”

“ಅವಳ್ಯಾಕೆ? ಫ್ಯಾಮಿಲಿ ಅಲ್ಲೇ ಐತಲ್ಲ.”

“ಎಲ್ಲಿ?”

“ಅಲ್ಲೇ ದುಬೈನಾಗೆ. ಹೆಂಡ್ತಿ, ಒಬ್ಬಳು ಮಗಳು. ಒಂದೇ ಕೋಣೆ, ಮೂರನೇ ಮಾಳಿಗೆ. ಆಯಮ್ಮ ಸದಾ ಊರು ನೆನೆಸ್ಕಂಡು ಕೂತಿರ್ತಾಳೆ. ನಾನು ಹೋಗಿ ಹಿಂದ್ಗಡೆ ಕೂತು ಸದ್ದು ಮಾಡ್ಬೇಕು. ಆಗ್ಲೇ ಅವಳ ಮುಖ ಅರಳೋದು.”

ಕರಿಯಕ್ಕ ಕಂಬಳಿಯನ್ನು ವಾಪಸ್ಸು ಎಳೆದುಕೊಳ್ಳಬೇಕೆಂದುಕೊಂಡಳು. ಕೈ ಬರಲಿಲ್ಲ. “ಇದು ಜಹೀರಮ್ಮಂಗೆ ಗೊತ್ತೈತಾ?”

“ಹೇಳ್ದೆ. ಅವಳಿಗೆ ತಿಳಿಯಲ್ಲ ಬಿಡಕ್ಕ.”

ಮಧ್ಯಾಹ್ನದ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ ಬೊಮ್ಮಲಿಂಗಪ್ಪ ಸೈಕಲ್ಲು ಒರಗಿಸಿ ಅಂಗಡಿಯ ಮುಂದೆ ನಿಂತರು. ಊರಿನಲ್ಲಿ ಯಾರಿಗೆ ಪಾಸ್‌ಪೋರ್ಟ್ ಆಗಬೇಕಿದ್ದರೂ ವಿಚಾರಣೆಗೆ ಬರುವವರು ಅವರು. ತನ್ನನ್ನು ಕೇಳದೆ ಒಬ್ಬ ಮನುಷ್ಯ ದೇಶ ಬಿಡುತ್ತಾನೆಂದರೆ ಅವರಿಗೆ ಅದು ಕಾನೂನಿಗಿಂತ ಹೆಚ್ಚಾಗಿ ಮನಸ್ಸಿಗೆ ಚುಚ್ಚಿತ್ತು.

“ಏನ್ ಸಾಬ್ರೇ, ನಮ್ ಕೈಗೆ ಪೇಪರೇ ಬಂದಿಲ್ಲ. ನೀವು ಹೆಂಗೆ ಹೊಂಟ್ರಿ?”

ಸಾಬರಿಗೆ ಪೊಲೀಸರ ‘ಪೇಪರ್’ ಎಂದರೆ ಮೈಕಿನ ಪರ್ಮಿಷನ್ನು ಒಂದೇ. “ಇದಕ್ಕೆ ಪರ್ಮಿಷನ್ ಬ್ಯಾಡ ಸಾರ್. ಎಲ್ಲಾ ಒಳಗೊಳಗೇ. ಒಂದು ರೂಮು, ನಲವತ್ತು ಜನ, ಬಾಗ್ಲು ಹಾಕ್ಕಂಡು.”

ಬೊಮ್ಮಲಿಂಗಪ್ಪನವರ ಟೋಪಿ ಕೈಗೆ ಬಂತು. “ನಲವತ್ತು ಜನ? ಒಂದೇ ರೂಮಲ್ಲಿ?”

“ಕತ್ಲು ಮಾಡ್ತಾರೆ ಸಾರ್. ಮಾತಾಡಂಗಿಲ್ಲ, ಕೆಮ್ಮಂಗಿಲ್ಲ. ಮಧ್ಯದಲ್ಲಿ ಎದ್ದು ಹೋಗಂಗೂ ಇಲ್ಲ.”

“ಹಡಗಾ?”

“ಹಡಗು ಎಲ್ಲಿ ಬಂತು ಸಾರ್? ಪಾಲಣ್ಣ ಅಂತ ಒಬ್ಬ ಅವ್ನೆ. ಎಲ್ಲಾ ಅವನ ಮನೇಲೇ.”

ಬೊಮ್ಮಲಿಂಗಪ್ಪ ‘ಪಾಲಣ್ಣ’ ಎಂದು ಅಂಗೈ ಮೇಲೆ ಬರೆದುಕೊಂಡು ಹೋದರು. ಆಮೇಲೆ ಬಿಸಿಲಿಗೆ ಬೆವರಿ ಅದು ಅಳಿಸಿಹೋಯಿತಂತೆ. ಇಲ್ಲದಿದ್ದರೆ ಈ ಕಥೆ ಠಾಣೆಯಲ್ಲಿ ಮುಗಿಯಬೇಕಿತ್ತು.

ಇಷ್ಟರಲ್ಲಿ ಜಹೀರಾಗೆ ಎಲ್ಲ ಮುಟ್ಟಿತ್ತು. ಮೊದಲು ವೀಸಾ, ಆಮೇಲೆ ಫ್ಯಾಮಿಲಿ, ಆಮೇಲೆ ನಲವತ್ತು ಜನರ ಹಡಗು. ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಾತುಕತೆಯೆಲ್ಲ ಉರ್ದುವಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ. ನ್ಯಾಯ ಯಾರ ಕಡೆಗಿದೆ ಎಂಬುದು ಬೀದಿಗೂ ಗೊತ್ತಾಗಬೇಕಲ್ಲ. ಆ ವಾರ ಜಹೀರಾ ಕನ್ನಡದಲ್ಲಿ ಒಂದು ಮಾತೂ ಆಡಲಿಲ್ಲ. ಸಾಬರು ಅದನ್ನು ಕಲಾವಿದನಿಗೆ ಹೆಂಡತಿ ಕೊಡುವ ಗೌರವ ಎಂದು ತಿಳಿದರು.

ಅವರಿಗೆ ಬೇರೆ ಚಿಂತೆ. ಆ ಕೊನೆಯ ಸದ್ದು ಸಿಕ್ಕಿರಲಿಲ್ಲ. ರೆಕಾರ್ಡರು ಹಿಡಿದು ಸುತ್ತದ ಜಾಗವಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹಿಡಿದರೆ ಮಂಡಕ್ಕಿ ಮೆಣಸಿನಕಾಯಿ ಮಾರುವವರ ಕೂಗೇ ಬಂತು. ಆಸ್ಪತ್ರೆಯ ಮುಂದೆ ಹಿಡಿದರೆ ಬೈದರು. ಮದುವೆ ಮನೆಯಲ್ಲಿ ಹೆಣ್ಣು ಒಪ್ಪಿಸುವಾಗ ಹಿಡಿದರೆ ಎಲ್ಲರೂ ಅತ್ತರು, ಅಳದೆ ಇದ್ದವನು ಮದುಮಗ ಒಬ್ಬನೇ. ಅವನೂ ಆಕಳಿಸುತ್ತಿದ್ದ.

ಶುಕ್ರವಾರ ನಮಾಜು ಮುಗಿಸಿ ಬಂದವರು ಕೊನೆಯ ಪ್ರಯತ್ನವೆಂದು ತಮ್ಮ ಮನೆಯ ನಲ್ಲಿಯ ಸದ್ದನ್ನಾದರೂ ಇನ್ನೊಮ್ಮೆ ಹಿಡಿಯೋಣವೆಂದು ಅಡುಗೆಮನೆಯ ಗೂಡಿನಲ್ಲಿ ರೆಕಾರ್ಡರು ಇಟ್ಟು, ಕೆಂಪು ಗುಂಡಿ ಒತ್ತಿದರು. ಅಷ್ಟರಲ್ಲಿ ಹೊರಗೆ ಆಕಾಶವೇ ಬಿರಿಯಿತು.

“ಹಲೋ, ಹಲೋ, ಮೈಕ್ ಟೆಸ್ಟಿಂಗ್!”

ಓಡಿಬಂದು ನೋಡಿದರೆ ತಮ್ಮದೇ ನಾಲ್ಕು ಹಾರನ್ನುಗಳು ಬೇವಿನ ಮರದಲ್ಲಿ. ತಮ್ಮದೇ ಮೈಕು ಜಂಪಣ್ಣನ ಕೈಯಲ್ಲಿ. ಬೀದಿಯ ತುಂಬ ಜನ. ಕರಿಯಕ್ಕ ಸೆರಗು ಬಾಯಿಗೆ ತುಂಬಿಕೊಂಡು ನಿಂತಿದ್ದಾಳೆ. ಬೊಮ್ಮಲಿಂಗಪ್ಪ ಸಮವಸ್ತ್ರದಲ್ಲೇ ಹೂವಿನ ಹಾರ ಹಿಡಿದಿದ್ದಾರೆ.

“ನಮ್ಮ ಬೀದಿಯ ಹೆಮ್ಮೆಯ ಪುತ್ರ, ನಮ್ಮ ಮಸ್ತಾನ್,” ಎಂದು ಜಂಪಣ್ಣ ಗರ್ಜಿಸಿದ, “ಇಂದು ದುಬೈ ವೀಸಾ ಪಡೆದು...”

ಸಾಬರಿಗೆ ಆಗ ತಿಳಿಯಿತು.

“ದುಬೈ ಅಲ್ಲಲೇ! ಧ್ವನಿ ವಿನ್ಯಾಸ ಕಣಲೇ!” ಎಂದು ಕೂಗಿದರು. ತಮ್ಮ ಹಾರನ್ನುಗಳ ಶಕ್ತಿ ಏನೆಂಬುದು ಅವುಗಳ ಮುಂದೆ ನಿಂತು ಅವರಿಗೆ ಗೊತ್ತಾದದ್ದು ಅದೇ ಮೊದಲು. “ನಾನು ಎಲ್ಲಿಗೂ ಹೋಗ್ತಿಲ್ಲ!”

“ಕೇಳಿದ್ರಾ!” ಜಂಪಣ್ಣನ ದನಿ ನಾಲ್ಕು ದಿಕ್ಕಿಗೂ ಒಡೆಯಿತು. “ಹೋಗಲ್ಲ ಅಂತಾನೆ! ವೀಸಾ ಜೇಬಲ್ಲಿ ಇಟ್ಕಂಡು ಹೋಗಲ್ಲ ಅಂತಾನೆ! ಊರಿನ ಮೇಲೆ ಎಂಥಾ ಪ್ರೀತಿ ನೋಡ್ರಪ್ಪಾ!”

ಬೀದಿ ಗೊಳೋ ಎಂದಿತು. ಕರಿಯಕ್ಕ ಸೆರಗನ್ನು ಬಾಯಿಂದ ತೆಗೆದೇ ಬಿಟ್ಟಳು. ಅವಳ ಅಳುವಿನ ಬಗ್ಗೆ ಇಷ್ಟು ಹೇಳಿದರೆ ಸಾಕು: ಮಿಲ್ಲಿನವರು ಯಂತ್ರ ನಿಲ್ಲಿಸಿ ಹೊರಗೆ ಬಂದರು. ಬೊಮ್ಮಲಿಂಗಪ್ಪ ಹಾರವನ್ನು ಸಾಬರ ಕೊರಳಿಗೆ ಹಾಕುವ ಮೊದಲು ಅದರಲ್ಲೇ ಕಣ್ಣು ಒರೆಸಿಕೊಂಡರು.

“ಅಲ್ಲಾ, ದುಬೈಗೆ ಮೊಳಕಾಲ್ಮೂರು ಬಸ್ಸು ಯಾಕೆ?” ಎಂದು ಬೀದಿಯ ತುದಿಯಲ್ಲಿ ತಡೆದು ನಿಲ್ಲಿಸಿದ್ದ ಬಸ್ಸಿನ ಬೋರ್ಡು ನೋಡಿ ಮಿಲ್ಲಿನವನೊಬ್ಬ ಕೇಳಿದ.

“ಮೊಳಕಾಲ್ಮೂರು, ಬಳ್ಳಾರಿ, ಗುಂತಕಲ್ಲು, ಅಲ್ಲಿಂದ ರೈಲಿಗೆ ಬಾಂಬೆ,” ಎಂದು ಜಂಪಣ್ಣ ಮೈಕಿನಲ್ಲೇ ಸಮಜಾಯಿಷಿ ಕೊಟ್ಟ. “ತಿಳೀದಿದ್ರೆ ಸುಮ್ನಿರ್ಬೇಕು.”

ಸಾಬರು ಅಡುಗೆಮನೆಗೆ ಓಡಿದರು. ಬೇರೆ ಯಾರಿಗೆ ತಿಳಿಯದಿದ್ದರೂ ಜಹೀರಾಗೆ ತಿಳಿಸಬೇಕು. ಅವಳು ಬಚ್ಚಲ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬೆನ್ನು ತಿರುಗಿಸಿ, ತೆಂಗಿನ ನಾರಿನಲ್ಲಿ ಬೂದಿ ಹಚ್ಚಿ ಒಂದು ಸಿಲ್ವಾರ ತಪಲೆಯನ್ನು ತಿಕ್ಕುತ್ತಿದ್ದಳು.

“ಜಹೀರಾ, ಸುನೋ...”

ಅವಳು ತಿರುಗಲಿಲ್ಲ. “ಜಾಕೋ ಆವ್,” ಎಂದಳು, ಹೋಗಿ ಬನ್ನಿ ಎಂದು. ಅಷ್ಟೇ. ಉರ್ದುವಿನಲ್ಲಿ. ಕೈ ಮಾತ್ರ ನಿಲ್ಲಲಿಲ್ಲ.

ಸಾಬರು ಬಾಯಿ ತೆರೆಯುವುದರೊಳಗೆ ಮಿಲ್ಲಿನ ಇಬ್ಬರು ಹಮಾಲರು ಒಳನುಗ್ಗಿ, ಕಡಲೆಕಾಯಿ ಮೂಟೆಯಂತೆ ಅವರನ್ನು ಎತ್ತಿಕೊಂಡರು. ಗೂಡಿನ ಮೇಲಿದ್ದ ರೆಕಾರ್ಡರಿಗೆ ಕೈ ಹಾಕಿದ್ದಷ್ಟೇ ಅವರಿಂದಾದದ್ದು. ಬಸ್ಸು ಹೊರಟಾಗ ಅವರ ತೊಡೆಯ ಮೇಲೆ ಒಂದು ರೆಕಾರ್ಡರು, ಕಾಲ ಕೆಳಗೆ ನಾಲ್ಕು ಕಂಬಳಿ, ಕೊರಳಲ್ಲಿ ಕಾನ್‌ಸ್ಟೇಬಲರ ಕಣ್ಣೀರಿನ ಹಾರ.

ಶನಿವಾರ ಬೆಳಗ್ಗೆ ಮೊಳಕಾಲ್ಮೂರಿನಿಂದ ಫೋನು ಮಾಡಿದರು. ಬೀದಿಗೆಲ್ಲ ಇದ್ದದ್ದು ಜಂಪಣ್ಣನ ಫೋನು ಒಂದೇ.

“ಜಂಪಣ್ಣಾ, ನಾನು ಮಸ್ತಾನ್. ಸ್ವಲ್ಪ ಜಹೀರಾನ ಕರಿ.”

“ದುಬೈಯಿಂದ ಫೋನು! ದುಬೈಯಿಂದ ಫೋನು ಬಂತ್ರಪ್ಪೋ!” ಜಂಪಣ್ಣ ಬಾಗಿಲಿಗೆ ಓಡಿ ಕೂಗಿ ಬಂದ. “ಎಷ್ಟು ಬೇಗ ಮುಟ್ಬಿಟ್ಟೆ ಮಾರಾಯ! ಏನ್ ಕ್ಲಿಯರ್ ಐತೆ ನೋಡು ಲೈನು, ಪಕ್ಕದ ತಾಲ್ಲೂಕಿಂದ ಮಾತಾಡ್ದಂಗೈತೆ!”

“ಪಕ್ಕದ ತಾಲ್ಲೂಕೇ ಕಣಲೇ!”

“ಹಹ್ಹಾ! ಅಲ್ಲಿಗೆ ಹೋದ್ರೂ ತಮಾಷೆ ಬಿಟ್ಟಿಲ್ಲ. ಇಡು ಇಡು, ಅಲ್ಲಿಂದ ಮಾತಾಡಿದ್ರೆ ಕಿಡ್ನಿ ಮಾರ್ಬೇಕಾಗ್ತತೆ.” ಸಾಬರ ಒಳ್ಳೆಯದಕ್ಕೇ ಅವನು ಲೈನು ಕತ್ತರಿಸಿದ.

ಸಾಬರು ತಲೆ ಮೇಲೆ ಕೈ ಹೊತ್ತು ಪಾಲಣ್ಣನ ಮಗ್ಗದ ಮನೆಗೆ ಬಂದು ಕೂತರು. ಮೇಷ್ಟ್ರು ಒಂದೊಂದೇ ಕ್ಯಾಸೆಟ್ಟು ಕೇಳಿದರು. ನಲ್ಲಿ, ಪರವಾಗಿಲ್ಲ. ಕುಕ್ಕರು, ಸರಿ. ಗೋಡೆಯಾಚೆಯ ಜಗಳ, ಚೆನ್ನಾಗಿದೆ, ಆದರೆ ಅರ್ಥವಾಗುತ್ತಿದೆ, ಕನ್ನಡ. ಊರು ಬಿಡುವ ಸದ್ದು?

“ಇಲ್ಲ ಸಾ.”

ಮೇಷ್ಟ್ರು ನಿಟ್ಟುಸಿರಿಟ್ಟರು. “ದಾವಣಗೆರೆಯವರಿಗೆ ಹೇಳಿ ಕಳಿಸ್ತೀನಿ ಬಿಡಿ. ಇದರಲ್ಲೇನಿದೆ?”

ರೆಕಾರ್ಡರಿನೊಳಗೇ ಉಳಿದಿದ್ದ ಕ್ಯಾಸೆಟ್ಟು. “ಅದು ಕೆಟ್ಟೈತೆ ಸಾ. ಎಲ್ಲಾ ಗಲಾಟೆ.”

ಮೇಷ್ಟ್ರು ಗುಂಡಿ ಒತ್ತಿದರು. ದೂರದಲ್ಲಿ, ಬಾವಿಯೊಳಗಿನಿಂದ ಬಂದಂತೆ, ಜಂಪಣ್ಣನ ಭಾಷಣ, ಜನರ ಗೊಳೋ. ಹತ್ತಿರದಲ್ಲಿ, ಕಿವಿಯ ಪಕ್ಕದಲ್ಲೇ, ಗರಕ್, ಗರಕ್, ಗರಕ್. ಆಚೆ ಅಳು ಏರಿದಷ್ಟೂ ಇದು ಜೋರಾಯಿತು. ‘ಜಾಕೋ ಆವ್’ ಎಂದ ಒಂದು ದನಿ. ಮತ್ತೆ ಗರಕ್, ಗರಕ್.

ಮೇಷ್ಟ್ರು ಶಿಬಿರದಲ್ಲಿ ಕಲಿತದ್ದೆಲ್ಲ ಮರೆತು ಹಳೇ ದನಿಯಲ್ಲಿ ಕಿರುಚಿದರು. “ಯಾರ್ರೀ ಇದು?”

“ನಮ್ಮನೆಯೋಳು ಸಾ. ಪಾತ್ರೆ ತಿಕ್ತಾ ಅವ್ಳೆ. ಅಳಿಸಿ ಬಿಡ್ತೀನಿ.”

“ಮುಟ್ಟಿದ್ರೆ ಕೈ ಮುರೀತೀನಿ! ಇದೇ ಸಾಬ್ರೇ! ಅಳದೆ ಇರೋರ ಸದ್ದು ಇದೇ!”

“ಉರ್ದು ಐತಲ್ಲ ಸಾ, ನಾಟಕದ ಆಯಮ್ಮ ನೇಕಾರ್ತಿ.”

“ತಿಕ್ಕೋದು ಯಾವ ಭಾಷೆ ರೀ? ತಿಕ್ಕೋದಕ್ಕೂ ಭಾಷೆ ಇದ್ಯಾ?”

ಸಾಬರು ಮೊದಲ ಸಲ ಆ ಸದ್ದನ್ನು ಸರಿಯಾಗಿ ಕೇಳಿಸಿಕೊಂಡರು. ಆಮೇಲೆ ಸಂಜೆಯವರೆಗೂ ಅವರು ಅದನ್ನೇ ಹಿಂದಕ್ಕೆ ಸುತ್ತಿ ಸುತ್ತಿ ಹಾಕಿ ಕೇಳಿದರು ಎಂದು ಪಾಲಣ್ಣ ಹೇಳುತ್ತಾನೆ.

ಅದೇ ಸಂಜೆ ಶಕೀಲ ಮಂಡಕ್ಕಿ ತಿನ್ನಲು ಹೊರಟವನು ಕಿಟಕಿಯಲ್ಲಿ ಏನು ಕಂಡ? ದುಬೈಯಲ್ಲಿರಬೇಕಾದ ದುಲ್ಹಾಭಾಯ್, ಅಕ್ಕನ ಗಂಡ, ಮಗ್ಗದ ಮನೆಯಲ್ಲಿ ಕಂಬಳಿ ಕಟ್ಟುತ್ತಿದ್ದಾರೆ. ಪಕ್ಕದಲ್ಲಿ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಾಳೆ, ಒಬ್ಬ ಹುಡುಗಿ ಜಡೆ ಹಾಕಿಕೊಳ್ಳುತ್ತಿದ್ದಾಳೆ. ಅವನು ಮಂಡಕ್ಕಿ ಬಿಟ್ಟು ಫೋನಿಗೆ ಓಡಿದ. “ಜಂಪಣ್ಣಾ, ನಮ್ಮ ಜಹೀರಾ ಆಪಾಗೆ ಹೇಳು! ದುಬೈ ಎಲ್ಲಾ ಸುಳ್ಳು! ಆಪಾ ಹೇಳಿದ್ದ ಆ ಫ್ಯಾಮಿಲಿ ಇಲ್ಲೇ ಮೊಳಕಾಲ್ಮೂರಲ್ಲೇ ಐತೆ!”

ಭಾನುವಾರ ನಾಲ್ಕು ಗಂಟೆಗೆ ನಾಟಕ. ಆರಕ್ಕೆ ಕರೆಂಟು ಹೋಗುತ್ತದೆಂದು ಆ ಹೊತ್ತು. ಪಾಲಣ್ಣ ಬಾಗಿಲಲ್ಲಿ ನಿಂತು ನಲವತ್ತು ಚಾಪೆಗೆ ಹನ್ನೊಂದು ಜನ ಬಂದದ್ದನ್ನು ನೋಡಿ “ಅಯ್ಯೋ ರಾಮುಡಾ” ಎನ್ನುತ್ತಿದ್ದ. ಆಟ ಶುರುವಾಗಿ ಅರ್ಧ ಗಂಟೆಗೆ ಚಳ್ಳಕೆರೆಯ ಟೆಂಪೋ ಒಂದು ಬಂದು ನಿಂತು, ಅದರಿಂದ ಇಪ್ಪತ್ತೊಂಬತ್ತು ಜನ ಇಳಿದರು. ಮುಂದೆ ಕರಿಯಕ್ಕ, ಜಂಪಣ್ಣ, ನಡುವೆ ಜಹೀರಾ, ಹಿಂದೆ ಬೊಮ್ಮಲಿಂಗಪ್ಪ, ಲಾಠಿ ಸಮೇತ.

“ಎಲ್ಲೈತೆ ಆ ಫ್ಯಾಮಿಲಿ?” ಎಂದಳು ಕರಿಯಕ್ಕ.

“ಒಳಗೇ ಐತೆ, ಬರ್ರಿ ಬರ್ರಿ, ಶುರುವಾಗೈತೆ,” ಎಂದು ಪಾಲಣ್ಣ ಆನಂದದಿಂದ ಎಲ್ಲರನ್ನೂ ಒಳಗೆ ತಳ್ಳಿ ಬಾಗಿಲು ಹಾಕಿದ. “ಕೆಮ್ಮಂಗಿಲ್ಲ.”

ಬೊಮ್ಮಲಿಂಗಪ್ಪ ತಲೆ ಎಣಿಸಿದರು. ನಲವತ್ತು. ಕತ್ತಲೆ. ಬಾಗಿಲು ಹಾಕಿದೆ. ಸಾಬರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬರುತ್ತಿದ್ದ ಕೆಮ್ಮನ್ನು ಅವರು ಟೋಪಿಯೊಳಗೆ ಅಡಗಿಸಿದರು.

ಎರಡು ಮೊಳ ದೂರದಲ್ಲಿ, ಸಣ್ಣ ಬಲ್ಬಿನ ಕೆಳಗೆ, ತಾಯಿಯ ಪಾತ್ರದ ಸ್ವಪ್ನ ರೊಟ್ಟಿ ಬಡಿಯುತ್ತಿದ್ದಳು. ಊರಿನಲ್ಲಿ ಅವಳು ಅಂಗನವಾಡಿ ಟೀಚರು. ಕಂಬಳಿ ಹೊದ್ದ ಕಿಟಕಿಯನ್ನು ಕಂಡದ್ದೇ ಕರಿಯಕ್ಕನ ಪಿತ್ತ ನೆತ್ತಿಗೇರಿತು.

“ಏನಮ್ಮಾ, ನಿಂಗೆ ನಾಚ್ಕೆ ಆಗಲ್ವಾ ಇಂಗೆ ಬಾಳಾಕೆ?”

ಸ್ವಪ್ನ ಒಂದು ಗಳಿಗೆ ತಬ್ಬಿಬ್ಬಾದಳು. ಆದರೆ ಮೇಷ್ಟ್ರು ಆಪ್ತ ರಂಗಭೂಮಿಯಲ್ಲಿ ಏನು ಬೇಕಾದರೂ ಆಗಬಹುದೆಂದು ಮೊದಲೇ ಹೇಳಿದ್ದರು. “ಆಗ್ತತೆ ಅಕ್ಕ,” ಎಂದಳು. “ದಿನಾ ಆಗ್ತತೆ. ಏನು ಮಾಡದು, ಬಂದಾಗೈತೆ. ವಾಪಸ್ ಹೋದ್ರೆ ನಮ್ಮ ಮನೆ ಬೀಗ ನಮ್ಮ ಕೈಗೆ ತೆಗೆಯಾಕೆ ಬರ್ತತೋ ಇಲ್ಲೋ.”

ಕರಿಯಕ್ಕ ಚಾಪೆಯ ಮೇಲೆ ಕೂತುಬಿಟ್ಟಳು. “ಪಾಪ,” ಎಂದು ಪಕ್ಕದವರಿಗೆ ಹೇಳಿದಳು, “ಒಳ್ಳೇ ಹೆಂಗ್ಸು.” ಮೂಲೆಯಲ್ಲಿ ಮೇಷ್ಟ್ರು ಈ ಸಂಭಾಷಣೆಯನ್ನು ಬರೆದುಕೊಂಡರು. ಮುಂದಿನ ಎಲ್ಲ ಪ್ರದರ್ಶನಗಳಲ್ಲಿ ಅದು ಇತ್ತು, ಮೇಷ್ಟ್ರ ಹೆಸರಿನಲ್ಲಿ.

ಬಲ್ಬು ಆರಿತು. ಸ್ವಪ್ನ ಗೋಡೆಗೊರಗಿ ಸುಮ್ಮನೆ ಕೂತಳು. ಪರದೆಯ ಹಿಂದೆ ಸಾಬರು, ಮುಂದೆ ಯಾರು ಬಂದು ಕೂತಿದ್ದಾರೆಂದು ತಿಳಿಯದೆ, ಗುಂಡಿ ಒತ್ತಿದರು.

ದೂರದಲ್ಲಿ ಗೊಳೋ. ಹತ್ತಿರದಲ್ಲಿ ಗರಕ್, ಗರಕ್.

“ಅದು ನಂದು!” ಎಂದಳು ಕರಿಯಕ್ಕ ಕತ್ತಲಲ್ಲಿ. “ಆ ಅಳು ನಂದು!”

“ಆ ಭಾಷಣ ನಂದು,” ಎಂದ ಜಂಪಣ್ಣ.

“ಮೂಗು ಸೀನಿದ್ದು ನಾನು,” ಎಂದರು ಬೊಮ್ಮಲಿಂಗಪ್ಪ.

“ಆದ್ರೆ ನನ್ನದು ಕೇಳ್ತಾನೇ ಇಲ್ಲ!” ಎಂದು ಜಂಪಣ್ಣ ಮತ್ತೆ ಕೂಗಿದ. “ಯಾರಲೇ ಒಳಗಿರೋದು? ಸೌಂಡ್ ಜಾಸ್ತಿ ಮಾಡು! ಆ ತಿಕ್ಕೋದನ್ನ ಕಮ್ಮಿ ಮಾಡಿ ನಮ್ದು ಜಾಸ್ತಿ ಮಾಡಲೇ!”

ಇಪ್ಪತ್ತೈದು ವರ್ಷದಲ್ಲಿ ‘ಸೌಂಡ್ ಕಮ್ಮಿ ಮಾಡಲೇ’ ಎಂಬುದನ್ನು ಬಿಟ್ಟು ಬೇರೆ ಕೇಳಿರದ ಸಾಬರು ಪರದೆ ಸರಿಸಿ ಇಣುಕಿದರು. ಕಂಬಳಿಯ ಸಂದಿಯಿಂದ ಇಳಿದ ಬೆಳಕಿನಲ್ಲಿ, ಮುಂದಿನ ಸಾಲಿನಲ್ಲಿ, ಜಹೀರಾ ಕಂಡಳು. ತನ್ನದೇ ಸದ್ದನ್ನು ಕೇಳುತ್ತ ಕೂತಿದ್ದಳು. ಅವಳ ಬಲಗೈ ಮಡಿಲಲ್ಲಿ ತಾನಾಗಿಯೇ ಅಲುಗುತ್ತಿತ್ತು, ಗರಕ್, ಗರಕ್.

“ಜಾಸ್ತಿ ಮಾಡಲೇ!”

“ಮಾಡಲ್ಲ,” ಎಂದರು ಸಾಬರು. ಅವರ ಜೀವಮಾನದಲ್ಲಿ ಮೆಲ್ಲಗೆ ಆಡಿದ ಮೊದಲ ಮಾತು ಅದು. ನಲವತ್ತು ಜನಕ್ಕೂ ಕೇಳಿಸಿತು.

ಟೆಂಪೋ ವಾಪಸ್ಸು ಹೊರಟಾಗ ಇನ್ನೂ ಬೆಳಕಿತ್ತು. ಕೊಂಡ್ಲಹಳ್ಳಿ ದಾಟುವವರೆಗೂ ಗಂಡ ಹೆಂಡತಿ ಮಾತಾಡಲಿಲ್ಲ. ಉಳಿದ ಇಪ್ಪತ್ತೆಂಟು ಜನರೂ ಮಾತಾಡಲಿಲ್ಲ, ಕೇಳಿಸಿಕೊಳ್ಳಬೇಕಲ್ಲ.

“ತಳ ಹತ್ತಿತ್ತು,” ಎಂದಳು ಜಹೀರಾ ಕೊನೆಗೆ. ಕನ್ನಡದಲ್ಲಿ. ಟೆಂಪೋಗೆ ಜೀವ ಬಂತು. “ಪಾಯಸದ ತಪಲೆ. ಅದಕ್ಕೇ ತಿಕ್ತಿದ್ದೆ. ಇನ್ನೇನಿಲ್ಲ.”

“ಆವತ್ತು ಪಾಯಸ ಮಾಡಿರ್ಲಿಲ್ವಲ್ಲ.”

“ಹಂಗಾರೆ ಅನ್ನದ್ದು.”

“ಅನ್ನ ನಮ್ಮನೆಯಿಂದ ಹೋಗಿತ್ತು,” ಎಂದಳು ಕರಿಯಕ್ಕ ಹಿಂದಿನ ಸೀಟಿನಿಂದ.

ಜಹೀರಾ ಕಿಟಕಿಯ ಕಡೆ ತಿರುಗಿದಳು. ಆ ಕಡೆ ನೋಡುತ್ತಲೇ ಕೇಳಿದಳು. “ಈಗ್ಲಾದ್ರೂ ಹೇಳಿ. ಧ್ವನಿ ವಿನ್ಯಾಸ ಅಂದ್ರೆ ಏನು?”

ಈ ಸಲ ಸಾಬರು ಯೋಚನೆ ಮಾಡಿದರು. “ನೀನು ಪಾತ್ರೆ ತಿಕ್ಕೋದು.”

“ಅಷ್ಟೇನಾ! ಅದನ್ನ ಇಪ್ಪತ್ತೆರಡು ವರ್ಷದಿಂದ ಮಾಡ್ತಿದೀನಿ. ಒಬ್ರಾದ್ರೂ ಪೇಪರಲ್ಲಿ ಹೆಸರು ಹಾಕಿದ್ರಾ?”

ಆಗ ಸಾಬರಿಗೆ ಜೇಬಿನಲ್ಲಿದ್ದ ಕರಪತ್ರ ನೆನಪಾಯಿತು. ಬೆಳಗ್ಗೆಯಿಂದ ಅದರಲ್ಲಿ ತಮ್ಮ ಹೆಸರನ್ನೇ ನೋಡಿ ನೋಡಿ ಇಟ್ಟುಕೊಂಡಿದ್ದರು, ಪಕ್ಕದ್ದನ್ನು ಓದಿರಲಿಲ್ಲ. ಜಂಪಣ್ಣ ಕಸಿದುಕೊಂಡು ಗಟ್ಟಿಯಾಗಿ ಓದಿದ. ಕರಪತ್ರ ರಾತ್ರೋರಾತ್ರಿ ಅಚ್ಚಾದದ್ದು ಗಡಿಯಾಚೆ ರಾಯದುರ್ಗದಲ್ಲಿ. ಅಚ್ಚಿನ ಮೊಳೆ ಜೋಡಿಸುವವನಿಗೆ ಕನ್ನಡಕ್ಕಿಂತ ತೆಲುಗು ಚೆನ್ನಾಗಿ ಬರುತ್ತಿತ್ತು.

“‘ಧ್ವನಿ ವಿನಾಶ: ಮಸ್ತಾನ್ ಸಾಬ್.’”

ತಳಕು ಬರುವವರೆಗೂ ಟೆಂಪೋ ನಕ್ಕಿತು.

ಮುಂದಿನ ತಿಂಗಳು ನಾಟಕ ಚಳ್ಳಕೆರೆಗೇ ಬಂತು. ಸಾಬರು ಖುದ್ದಾಗಿ ಮೇಷ್ಟ್ರ ಬಳಿ ಹೋಗಿ ಕರಪತ್ರ ತಿದ್ದಿಸಿದರು. ‘ಧ್ವನಿ: ಜಹೀರಾ. ವಿನ್ಯಾಸ: ಮಸ್ತಾನ್ ಸಾಬ್’ ಎಂದು ದಪ್ಪಕ್ಷರದಲ್ಲಿ ಬರೆಸಿ, ತಾವೇ ಬಸ್ಸು ಹತ್ತಿ ರಾಯದುರ್ಗದ ಪ್ರೆಸ್ಸಿಗೆ ಕೊಟ್ಟು ಬಂದರು. ಅಚ್ಚಾಗಿ ಬಂದದ್ದು ಹೀಗಿತ್ತು:

‘ಧ್ವನಿ: ಜಹೀರಾ. ವಿನಾಶ: ಮಸ್ತಾನ್ ಸಾಬ್.’

ಸಾಬರು ಮತ್ತೆ ಪ್ರೆಸ್ಸಿಗೆ ಹೊರಟಿದ್ದರು. ಜಹೀರಾ ತಡೆದಳು. ಈ ಸಲ ಸರಿಯಾಗಿಯೇ ಅಚ್ಚಾಗಿದೆ ಎಂದಳು. ಕನ್ನಡದಲ್ಲಿ ಹೇಳಿದ್ದರಿಂದ ಬೀದಿಗೆಲ್ಲ ಕೇಳಿಸಿತು, ಬೀದಿಯೆಲ್ಲ ಹೌದು ಹೌದು ಎಂದಿತು.